ಬರಿಗೈಯ ಗಂಟೆಗಳ ಲೆಕ್ಕ

ಕಾವೇರಿ ದಡದಲ್ಲಿ ಗಾಳ ಹಾಕಿ ಕೂರುವವರ ನಡುವೆ ಓಡಾಡಿದವರಿಗೆ 120 ಅಂದರೆ ಸಾಕು, ಮುಂದಿನದು ತಾನಾಗಿ ಗೊತ್ತಾಗುತ್ತದೆ. 1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನು ತೂಗಿದ್ದು 120 ಪೌಂಡು, ಅಂದರೆ 54 ಕಿಲೋಗೂ ಮೇಲೆ. ಬೇಟೆಯಾಡಿ ತಂದ ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ, ಜೀವ ಇದ್ದಂತೆ ನಿಲ್ಲಿಸುತ್ತಿದ್ದ ಮನೆತನ ಅವರದು. ಅದಕ್ಕೂ ಮುಂಚೆ 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಎಂಬವರು ಕಾವೇರಿಯಲ್ಲಿ 119 ಪೌಂಡಿನ ಮೀನು ಎತ್ತಿದ್ದರು. ಈ ಒಂದು ಪೌಂಡಿನ ಅಂತರವನ್ನು ಹೊಳೆಯ ಜನ ಇಂದಿಗೂ ಮರೆತಿಲ್ಲ. ಆದರೆ ಆ ವರ್ಷಗಳಲ್ಲಿ ಆ ಹೊಳೆಗಳಲ್ಲಿ ಎಷ್ಟು ಮಂದಿ ಎಷ್ಟು ಹೊತ್ತು ಗಾಳ ಹಾಕಿದ್ದರು, ಅವರಲ್ಲಿ ಬರಿಗೈಯಲ್ಲಿ ಎದ್ದುಹೋದವರು ಎಷ್ಟು, ಅಂಗೈಯಗಲದ ಮೀನು ಎಷ್ಟು ಬಿದ್ದವು ಎಂದು ಕೇಳಿ ನೋಡಿ, ಯಾರ ಬಾಯಿಂದಲೂ ಉತ್ತರ ಬರುವುದಿಲ್ಲ. ದೊಡ್ಡ ಮೀನಿನ ಕತೆ ಹೇಳುವುದಕ್ಕೆ ನೂರು ಜನ ಸಿಗುತ್ತಾರೆ. ಉಳಿದದ್ದನ್ನು ಯಾರಾದರೊಬ್ಬರು ಕೂತು ಬರೆದಿಡಬೇಕು.

ಆ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು.

ನಮ್ಮ ಊರು ಹಲಗೂರಿನ ಆಚೆ, ಮುತ್ತತ್ತಿ ಕಾಡಿನ ಅಂಚಿನಲ್ಲಿದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಹೊಳೆದಡದ ಒಂದು ಕ್ಯಾಂಪಿಗೆ ಸೇರಿಸಿದವರು ಸೋದರಮಾವ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ದಾಟಿ, ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಬಂಡೆಗಳ ನಡುವೆ ನುಗ್ಗುತ್ತದಲ್ಲ, ಮಹಶೀರಿಗೆ ಹೆಸರಾದ ಹರಿವು ಅದೇ. ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷ್ ಗಾಳದವರು ಹೆಚ್ಚೂಕಡಿಮೆ ಮರೆತಿದ್ದ ಈ ಹೊಳೆಗೆ 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಕೆಲವು ಯುವಕರು ಬಂದರು. ಅವರು ಹಿಡಿದ 92 ಪೌಂಡಿನ ಮೀನಿನ ಸುದ್ದಿ ಹಬ್ಬಿದ ಮೇಲೆ ಚಳಿಗಾಲ ಬಂತೆಂದರೆ ಗಾಳದವರು ಹೊಳೆ ಹುಡುಕಿಕೊಂಡು ಬರುವುದು ವಾಡಿಕೆಯಾಯಿತು. 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದಷ್ಟು ಭಾಗವನ್ನು ಗುತ್ತಿಗೆಗೆ ಪಡೆದು ಕಾಯುತ್ತಿತ್ತು. ಸರ್ಕಾರದ ಜಂಗಲ್ ಲಾಡ್ಜಸ್ ಕೂಡ ದಡದಲ್ಲಿ ಕ್ಯಾಂಪುಗಳನ್ನು ನಡೆಸಿತು. ಎಲ್ಲ ಕಡೆಯೂ ಒಂದೇ ನಿಯಮ: ಹಿಡಿದ ಮೀನನ್ನು ಜೀವಂತ ಹೊಳೆಗೇ ಬಿಡಬೇಕು.

ಮಾವ ಅಲ್ಲಿ ಗೈಡು. ಅದಕ್ಕೂ ಮುಂಚೆ ರಾತ್ರಿ ಹೊತ್ತು ಕದ್ದು ಬಲೆ ಬಿಡುತ್ತಿದ್ದವರು, ಮೀನು ಕೊಲ್ಲಲು ಮಡುವಿಗೆ ಸಿಡಿಮದ್ದಿನ ತೋಟೆ ಎಸೆಯುವವರ ಜೊತೆಗೂ ಒಂದಷ್ಟು ದಿನ ಇದ್ದವರು. ಕ್ಯಾಂಪಿನವರು ಇಂಥವರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಂಡಿದ್ದರು. ಯಾವ ಬಂಡೆಯ ಕೆಳಗೆ ನೀರು ಸುತ್ತುತ್ತದೆ, ಬೇಸಿಗೆಯಲ್ಲಿ ಮೀನು ಯಾವ ಮಡುವಿಗೆ ಇಳಿಯುತ್ತದೆ ಎನ್ನುವುದು ಅವರಷ್ಟು ಇನ್ಯಾರಿಗೆ ಗೊತ್ತಿತ್ತು? ತೋಟೆಯವರು ಯಾವ ದಾರಿಯಲ್ಲಿ ಬರುತ್ತಾರೆ ಎನ್ನುವುದೂ ಅವರಿಗೇ ಗೊತ್ತಿತ್ತು. ಓದುಬರಹ ಮಾತ್ರ ಇರಲಿಲ್ಲ. ಹಾಗಾಗಿ ಸಂಜೆಯ ರಿಜಿಸ್ಟರು ನನ್ನ ತಲೆಗೆ ಬಂತು.

ಉದ್ದನೆಯ ಗೆರೆ ಹಾಳೆಯ ಪುಸ್ತಕ ಅದು. ತಾರೀಕು, ಗಾಳದವರ ಹೆಸರು, ಗೈಡಿನ ಹೆಸರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಮಡು, ಯಾವ ಎರೆ, ಯಾವ ಬಗೆಯ ಮೀನು, ತೂಕ ಎಷ್ಟು. ನೀರಿನ ಮಟ್ಟಕ್ಕೂ ಒಂದು ಕಾಲಂ ಇತ್ತು. ಕನ್ನಂಬಾಡಿಯಲ್ಲಿ ಬಿಟ್ಟ ನೀರು, ಶಿವನಸಮುದ್ರದ ವಿದ್ಯುತ್ ಕೇಂದ್ರ ಬಿಡುವ ನೀರು, ಎರಡಕ್ಕೂ ತಕ್ಕ ಹಾಗೆ ಹೊಳೆ ರಾತ್ರಿ ಬೆಳಗಾಗುವುದರೊಳಗೆ ಏರಿ ಇಳಿಯುತ್ತಿತ್ತು. ನಿನ್ನೆ ಕೂತಿದ್ದ ಬಂಡೆ ಇವತ್ತು ಕಾಣುತ್ತಿರಲಿಲ್ಲ. ಹಾಗೆ ನೀರು ಏರಿ ಕೆಂಪಗಾದ ದಿನ ಮೀನು ಎರೆಗೆ ಬಾಯಿ ಹಾಕುವುದು ಕಡಿಮೆ.

ಎರೆಯ ಕಾಲಮ್ಮಿನಲ್ಲಿ ಹೆಚ್ಚು ಸಲ ಬರೆದ ಪದ ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ ಬೇಯಿಸಿ, ನಿಂಬೆಹಣ್ಣಿನ ಗಾತ್ರಕ್ಕೆ ಗಾಳದ ಸುತ್ತ ಮೆತ್ತುತ್ತಿದ್ದರು. ಹಿಟ್ಟಿಗೆ ಏನೇನು ಬೆರೆಸಬೇಕು ಎನ್ನುವುದು ಒಬ್ಬೊಬ್ಬ ಗೈಡಿನ ಒಂದೊಂದು ಗುಟ್ಟು. ಕೆಲವರು ಏಡಿ ಕೇಳುತ್ತಿದ್ದರು. ಮಹಶೀರಿಗೆ ಬಾಯಲ್ಲಿ ಹಲ್ಲಿಲ್ಲ, ಇರುವುದೆಲ್ಲ ಗಂಟಲಲ್ಲಿ. ಏಡಿಯ ಚಿಪ್ಪನ್ನು ಅದು ಅಲ್ಲೇ ಪುಡಿ ಮಾಡುತ್ತದೆ. ಗಂಟಲಿಗಿಳಿದ ದಪ್ಪ ಗಾಳವನ್ನೂ ಸೊಟ್ಟ ಮಾಡಿ ಉಗುಳಿದ್ದನ್ನು ನಾನೇ ನೋಡಿದ್ದೇನೆ.

ಮೊದಮೊದಲು ನನಗೆ ಒಗಟಾಗಿದ್ದದ್ದು ಮೀನು ಸಿಗದ ದಿನಗಳು. ಸಂಜೆ ಲಾಟೀನಿನ ಬೆಳಕಿನಲ್ಲಿ ಮಾವ ಬೀಡಿ ಹಚ್ಚಿಕೊಂಡು ಹೇಳುತ್ತಿದ್ದರು:

"ಏಳರಿಂದ ಹನ್ನೊಂದೂವರೆ. ಮತ್ತಿಮರದ ಮಡು. ರಾಗಿ. ಏನೂ ಇಲ್ಲ. ಬರ್ಕೊ."

"ಏನೂ ಇಲ್ಲ ಅಂದ್ಮೇಲೆ ಏನಂತ ಬರೀಲಿ ಮಾವ?"

"ಏನೂ ಇಲ್ಲ ಅಂತ್ಲೇ ಬರಿ ಅಳಿಯ. ನಾಕೂವರೆ ಗಂಟೆ ನಾನು ಬಿಸ್ಲಲ್ಲಿ ತೆಪ್ಪ ಹಿಡ್ಕಂಡು ಕುಂತಿರ್ಲಿಲ್ವಾ? ನೀನು ಬರೀದೆ ಹೋದ್ರೆ ನಾನು ಇವತ್ತು ಕೆಲ್ಸನೇ ಮಾಡಿಲ್ಲ ಅಂತಾಯ್ತದೆ."

ಅವರ ತಕರಾರು ನ್ಯಾಯವಾದದ್ದು. ಗಾಳದವರಿಗೆ ಮೀನು ಸಿಕ್ಕರೆ ಕೈಯಲ್ಲಿ ಹಿಡಿದು ತೆಗೆಸಿಕೊಂಡ ಪಟ ಇರುತ್ತದೆ. ಸಿಗದ ದಿನಕ್ಕೆ ಗೈಡಿನ ಬಳಿ ಸಾಕ್ಷಿ ಅಂತ ಇದ್ದದ್ದು ಈ ಒಂದು ಸಾಲು ಮಾತ್ರ. ಒಬ್ಬ ಗೈಡು ಹೀಗೆ ಪಟ್ಟು ಹಿಡಿದಿದ್ದು ನೋಡಿ ಉಳಿದವರೂ ಹಿಡಿದರು. ಬರಿಗೈಯ ಗಂಟೆಗಳೆಲ್ಲ ಪುಸ್ತಕಕ್ಕೆ ಬಂದವು. ವಿಜ್ಞಾನದ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ತಮ್ಮ ದುಡಿಮೆ ಲೆಕ್ಕಕ್ಕೆ ಬರಲಿ ಎಂಬ ಹಟ, ಅಷ್ಟೇ.

ತೂಕದ ಕಾಲಂ ಬೇರೆಯೇ ಒಂದು ನಾಟಕ. ದೊಡ್ಡ ಮೀನನ್ನು ತಕ್ಕಡಿಗೆ ನೇತುಹಾಕಿದರೆ ಅದರ ಒಳಗಿನ ಅಂಗಗಳಿಗೆ ಪೆಟ್ಟು. ಹಾಗಾಗಿ ಅದನ್ನು ಮೊಣಕಾಲುದ್ದದ ನೀರಿನಲ್ಲೇ ಹಿಡಿದು, ಟೇಪಿನಿಂದ ಉದ್ದ ಮತ್ತು ಸುತ್ತಳತೆ ತೆಗೆಯುವ ಕ್ರಮ ಇತ್ತು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಸುಮಾರು ತೂಕ ಪೌಂಡಿನಲ್ಲಿ ಬರುತ್ತದೆ. ಉದ್ದ 48 ಇಂಚು, ಸುತ್ತಳತೆ 30 ಇಂಚು ಅಂದರೆ 54 ಪೌಂಡು. ಈ ಸೂತ್ರದಲ್ಲಿ ಸುತ್ತಳತೆ ಎರಡು ಸಲ ಬರುವುದರಿಂದ ಟೇಪು ಅರ್ಧ ಇಂಚು ಸಡಿಲವಾದರೂ ಮೀನು ಎರಡು ಪೌಂಡಿನಷ್ಟು ಕೊಬ್ಬುತ್ತದೆ. ಗಾಳದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 47 ಬಂದ ಮೀನನ್ನು 50 ಮಾಡುವ ಆಸೆ ಯಾವ ದೇಶದವರನ್ನೂ ಬಿಟ್ಟಿರಲಿಲ್ಲ. ಪುಸ್ತಕ ತಿರುವಿದರೆ 40, 50, 60ರ ಹತ್ತಿರವೇ ಸಾಲುಗಳ ಗುಂಪು. ಮಾವ ಟೇಪಿನ ಇನ್ನೊಂದು ತುದಿ ಹಿಡಿದು, ಸಾಹೇಬರಿಗೆ ಅರ್ಥವಾಗದ ಕನ್ನಡದಲ್ಲಿ ನನಗೆ ಹೇಳುತ್ತಿದ್ದರು: "ಐವತ್ತಾಗಕ್ಕಿಲ್ಲ ಕಣ್ಲಾ, ನಲವತ್ತಾರಕ್ಕೆ ಹಾಕು." ನಾನು ಇಂಚುಗಳನ್ನೂ ಪಕ್ಕದಲ್ಲಿ ಬರೆದಿಡುತ್ತಿದ್ದೆ. ತೂಕದ ಬಗ್ಗೆ ಜಗಳ ಬಂದರೆ ಅಳತೆಯಾದರೂ ಇರಲಿ ಎಂದು.

ಇನ್ನು ಬಗೆಯ ಕಾಲಂ. ಗಾಳದವರು ಬಣ್ಣ ನೋಡಿ ಹೆಸರಿಡುತ್ತಿದ್ದರು: ಗೋಲ್ಡನ್, ಸಿಲ್ವರ್, ಬ್ಲ್ಯಾಕ್. ನಮ್ಮ ಗೈಡುಗಳ ಕಣ್ಣು ಬಣ್ಣದ ಮೇಲಿರುತ್ತಿರಲಿಲ್ಲ, ಬೆನ್ನಿನ ಮೇಲಿರುತ್ತಿತ್ತು. ಹೊಳೆಯ ಹಳೆಯ ಜಾತಿಯ ಮೀನಿಗೆ ತಲೆ ಮುಗಿದ ಕೂಡಲೇ ಬೆನ್ನು ಗುಡ್ಡದ ಹಾಗೆ ಏರುತ್ತದೆ, ರೆಕ್ಕೆಗಳಲ್ಲಿ ಕಿತ್ತಳೆಯ ಛಾಯೆ. 120 ಪೌಂಡು, 119 ಪೌಂಡು ಎಂದು ಹೆಸರು ಮಾಡಿದ ಜಾತಿ ಅದು. ಇನ್ನೊಂದರ ಬೆನ್ನು ಅಷ್ಟು ಎತ್ತರವಿಲ್ಲ, ರೆಕ್ಕೆ ನೀಲಿ. ಇದನ್ನು ಗೈಡುಗಳು ಕರೆಯುತ್ತಿದ್ದದ್ದು ಬಿಟ್ಟ ಮೀನು ಎಂದು. ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಮರಿ ಸಾಕಣೆ ಕೇಂದ್ರದಲ್ಲಿ ಎಪ್ಪತ್ತರ ದಶಕದಿಂದ ಈ ನೀಲಿ ರೆಕ್ಕೆಯ ಮಹಶೀರನ್ನು ಮರಿ ಮಾಡಿಸುತ್ತಿದ್ದರು. ಮಹಶೀರ್ ಎಲ್ಲೆಡೆ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದ ಆ ಮರಿಗಳನ್ನು ದೇಶದ ಹಲವು ಹೊಳೆ ಅಣೆಕಟ್ಟೆಗಳಿಗೆ ಕಳಿಸಲಾಯಿತು. ಕಾವೇರಿಗೂ ಬಂದವು. ಒಳ್ಳೆಯ ಮನಸ್ಸಿನ ಕೆಲಸವೇ. ಮಹಶೀರುಗಳಲ್ಲಿ ಒಂದು ಹೊಳೆಯದು ಬೇರೆ, ಇನ್ನೊಂದು ಹೊಳೆಯದು ಬೇರೆ ಎಂಬ ಯೋಚನೆ ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಬಗೆ ಬರೆಯಲೇಬೇಕು ಎಂದು ಮೇಲಿನವರು ಯಾರೂ ಒತ್ತಾಯ ಮಾಡಿರಲಿಲ್ಲ. ಗೈಡುಗಳು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕೆಲವು ವರ್ಷಗಳ ನಂತರ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಕ್ಯಾಂಪು ಬಿಟ್ಟೆ. ಪುಸ್ತಕವನ್ನು ಇನ್ನೊಬ್ಬ ಹುಡುಗನ ಕೈಗೆ ಕೊಟ್ಟು ಬಂದೆ.

2012ರಲ್ಲಿ ಕಾವೇರಿ ವನ್ಯಜೀವಿ ಧಾಮದ ಒಳಗೆ ಗಾಳ ಹಾಕುವುದು ನಿಂತಿತು. ಹಿಡಿದು ಬಿಟ್ಟರೂ ಅದು ಬೇಟೆಗೆ ಸಮ ಎಂಬುದು ಕಾನೂನಿನ ವಾದ. ಆ ವಾದವನ್ನು ನಾನು ತಳ್ಳಿಹಾಕಲಾರೆ. ಗಾಳ ಕಚ್ಚಿದ ಮೀನು ಬಂಡೆಗಳ ನಡುವೆ ಅರ್ಧ ಗಂಟೆ ಎಳೆದಾಡಿ ದಡಕ್ಕೆ ಬರುವಷ್ಟರಲ್ಲಿ ಅದರ ಜೀವ ಅರ್ಧವಾಗಿರುತ್ತದೆ. ತುಟಿಗೆ ಹಗ್ಗ ಪೋಣಿಸಿ, ನೀರಿನಲ್ಲೇ ಕಟ್ಟಿ, ಸುಧಾರಿಸಿಕೊಂಡ ಮೇಲೆ ಬಿಡುತ್ತಿದ್ದೆವು. ಬಿಟ್ಟದ್ದೆಲ್ಲ ಬದುಕಿತು ಎಂದು ಯಾರು ಆಣೆ ಇಟ್ಟು ಹೇಳಬಲ್ಲರು? ಇನ್ನೊಂದು ಕಡೆಯ ಮಾತೂ ಇದೆ. ಗಾಳದವರು ಇದ್ದಷ್ಟು ದಿನ ದಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಣ್ಣುಗಳಿದ್ದವು, ತೋಟೆಯವರು ಹೆದರುತ್ತಿದ್ದರು. ಈ ಎರಡು ವಾದಗಳ ತಕ್ಕಡಿ ಯಾವ ಕಡೆ ಬಾಗಬೇಕು ಎಂದು ತೀರ್ಮಾನ ಹೇಳುವಷ್ಟು ನಾನು ದೊಡ್ಡವನಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ಗಾಳದ ಜೊತೆಗೆ ಪುಸ್ತಕವೂ ಮುಚ್ಚಿತು.

ನಮ್ಮ ಕ್ಯಾಂಪಿನಿಂದ ಕೆಳಗೆ ಗಾಳಿಬೋರೆಯಲ್ಲೂ ಇಂಥದೇ ಪುಸ್ತಕ ಇತ್ತು. 1998ರಿಂದ 2012ರವರೆಗಿನ ಅಲ್ಲಿಯ ದಾಖಲೆಯನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಕೈಗೆತ್ತಿಕೊಂಡು 2015ರಲ್ಲಿ ಅಧ್ಯಯನ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮೀನು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಅದರ ಸುದ್ದಿ ಓದಿದಾಗ ನನ್ನ ಕಣ್ಣು ನಿಂತದ್ದು ಮೀನಿನ ಲೆಕ್ಕದ ಮೇಲಲ್ಲ, ಗಂಟೆಯ ಲೆಕ್ಕದ ಮೇಲೆ. ಬರೀ ಸಿಕ್ಕ ಮೀನುಗಳ ಪಟ್ಟಿ ಇದ್ದಿದ್ದರೆ ಅದರಿಂದ ಏನೂ ಹೇಳಲಾಗುತ್ತಿರಲಿಲ್ಲ. ಈ ವರ್ಷ ಮುನ್ನೂರು ಮೀನು, ಹೋದ ವರ್ಷ ಇನ್ನೂರು ಅಂದರೆ ಹೊಳೆಯಲ್ಲಿ ಮೀನು ಹೆಚ್ಚಿತೋ, ಗಾಳ ಹಾಕುವವರೇ ಹೆಚ್ಚಿದರೋ? ಗಂಟೆಗೆ ಎಷ್ಟು ಎಂದು ಭಾಗಿಸಿದಾಗ ಮಾತ್ರ ಒಂದು ವರ್ಷವನ್ನು ಇನ್ನೊಂದರ ಪಕ್ಕ ನಿಲ್ಲಿಸಲು ಬರುತ್ತದೆ. ಹಾಗೆ ಭಾಗಿಸಲು ಬರಿಗೈಯಲ್ಲಿ ಕೂತ ಗಂಟೆಗಳೂ ಬೇಕು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ಖಾಲಿ ಹೊಳೆಯೂ ತುಂಬಿದಂತೆಯೇ ಕಾಣುತ್ತದೆ.

ಭಾಗಿಸಿದಾಗ ಬಂದ ಮೊದಲ ಸುದ್ದಿ ಒಳ್ಳೆಯದು. ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನು ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಅಂದರೆ ಮರಿಗಳು ಹುಟ್ಟಿ ಬೆಳೆಯುತ್ತಿವೆ, ಕಾವಲು ಫಲ ಕೊಟ್ಟಿದೆ. ಬಗೆಯ ಪ್ರಕಾರ ಬಿಡಿಸಿದಾಗ ಎರಡನೆಯ ಸುದ್ದಿ ಬಂತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಬೆನ್ನು ಎತ್ತರದ ಮೀನು ವರ್ಷ ಕಳೆದಂತೆ ಕಡಿಮೆಯಾಗಿತ್ತು, ಸಿಕ್ಕವುಗಳ ಸರಾಸರಿ ತೂಕ ಮಾತ್ರ ಏರುತ್ತಾ ಹೋಗಿತ್ತು. ಗಾಳದವರಿಗೆ ಅದು ಸಂಭ್ರಮದ ಸಂಗತಿ, ಸಿಕ್ಕರೆ ದೊಡ್ಡದೇ ಸಿಗುತ್ತಿದೆ ಎಂದು. ಅಂಕಿ ಓದಬಲ್ಲವರಿಗೆ ಅದೇ ಅಪಾಯದ ಗುರುತು. ಇರುವವು ಮುದಿಯಾಗುತ್ತಿವೆ, ಹಿಂದಿನಿಂದ ಮರಿಗಳು ಬರುತ್ತಿಲ್ಲ.

ಆ ಪತ್ರಿಕೆ ಹಿಡಿದುಕೊಂಡು ಊರಿಗೆ ಹೋದೆ. ಮಾವನಿಗೆ ಆಗಲೇ ಕಣ್ಣು ಮಂಜಾಗಿತ್ತು, ನೆನಪು ಗಟ್ಟಿಯಾಗಿತ್ತು. ಓದಿ ಹೇಳಿದೆ. ಅವರು ಒಪ್ಪಲಿಲ್ಲ.

"ಕಡೇ ಕಡೇಲಿ ಮೀನು ಜಾಸ್ತಿನೇ ಆಗಿತ್ತಲ್ಲ. ಒಂದು ದಿನಕ್ಕೆ ಏಳು ಎಂಟು ಕಚ್ತಿರ್ಲಿಲ್ವಾ?"

"ಜಾಸ್ತಿ ಆಗಿದ್ದು ಬಿಟ್ಟ ಮೀನು ಮಾವ. ಗುಡ್ಡಬೆನ್ನಿಂದು ಕಡೇ ಸಲ ಯಾವಾಗ ಸಿಕ್ತು ನಿಮ್ಗೆ?"

ಮಾವ ತಡಮಾಡದೆ ಒಂದು ಮೀನಿನ ಕತೆ ಶುರುಮಾಡಿದರು. ಎಂಥ ಮೀನು, ಯಾವ ಮಡು, ತೆಪ್ಪವನ್ನು ಎಷ್ಟು ದೂರ ಎಳೆದುಕೊಂಡು ಹೋಯಿತು, ಬಂಡೆ ಸಂದಿಗೆ ನುಗ್ಗಿದಾಗ ತಾವು ನೀರಿಗೆ ಹಾರಿ ಲೈನು ಬಿಡಿಸಿದ್ದು ಹೇಗೆ. ಒಂದು ವಿವರವೂ ಸುಳ್ಳಲ್ಲ. ಆ ಮೀನನ್ನು ಪುಸ್ತಕಕ್ಕೆ ಬರೆದವನೇ ನಾನು. ಅದು ನಾನು ಕ್ಯಾಂಪು ಬಿಡುವುದಕ್ಕೂ ಬಹಳ ಮುಂಚಿನ ಮಾತು. ಆಮೇಲೆ ಎಷ್ಟೋ ಬೇಸಿಗೆ ಕಳೆದಿದ್ದವು, ಆ ಜಾತಿಯದು ಕೈಗೆ ಸಿಗುವುದು ವಿರಳವಾಗುತ್ತಾ ಬಂದಿತ್ತು. ಮಾವನ ಮನಸ್ಸಿನಲ್ಲಿ ಮಾತ್ರ ಆ ಒಂದು ಮೀನು ಅಷ್ಟೂ ವರ್ಷಗಳ ಜಾಗವನ್ನು ತುಂಬಿಕೊಂಡು ಕೂತಿತ್ತು. ಹೊಳೆಯನ್ನು ಅವರಷ್ಟು ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಅಂಥವರ ಕಣ್ಣೆದುರೇ ಒಂದು ಜಾತಿ ಕರಗುತ್ತಿತ್ತು, ಹೊಳೆಯ ತುಂಬ ಬೇರೆ ಮೀನು ಆಡುತ್ತಿದ್ದರಿಂದ ಅವರಿಗೆ ಕಾಣಲಿಲ್ಲ. ಬರ ಬಂದು ಮೀನೇ ಇಲ್ಲದಿದ್ದರೆ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದರು. ಸಮೃದ್ಧಿಯ ನಡುವೆ ಆದ ನಷ್ಟ ಇದು, ಹಾಗಾಗಿ ಯಾರೂ ಅಳಲಿಲ್ಲ.

ವಿಚಿತ್ರವೆಂದರೆ, ಇಷ್ಟು ಹೆಸರಾದ ಆ ಮೀನಿಗೆ ವಿಜ್ಞಾನದಲ್ಲಿ ನಿಶ್ಚಿತವಾದ ಹೆಸರೇ ಇರಲಿಲ್ಲ. ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬಗ್ಗೆ ಪುಸ್ತಕ ಬರೆದದ್ದು 1873ರಲ್ಲಿ. ಅಂದಿನಿಂದ ಗಾಳದವರ ಲೋಕ ದಕ್ಷಿಣದ ಹೊಳೆಗಳ ಮಹಶೀರನ್ನು ಕೊಂಡಾಡುತ್ತಲೇ ಬಂದಿದೆ. ಕಾವೇರಿ ಕಣಿವೆಗೇ ಸೇರಿದ, ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ಟೋರ್ ರೆಮದೇವಿ ಎಂಬ ಹೊಸ ಜಾತಿಯನ್ನು ವಿವರಿಸಲಾಗಿತ್ತು. ನಮ್ಮ ಗುಡ್ಡಬೆನ್ನಿನ ದೈತ್ಯ ಅದೇ ಜಾತಿಯದು ಎಂದು ಗೊತ್ತಾದದ್ದು 2018ರಲ್ಲಿ, ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿದ ಮೇಲೆ. ಅದೇ ವರ್ಷ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅದನ್ನು ಅಳಿವಿನ ತೀರಾ ಹತ್ತಿರ ಇರುವ ಜಾತಿಗಳ ಸಾಲಿಗೆ ಸೇರಿಸಿದರು. ಹೆಸರು ಮತ್ತು ಅಪಾಯದ ಗಂಟೆ ಎರಡೂ ಒಂದೇ ವರ್ಷ ಬಂದವು. ಅಷ್ಟರವರೆಗೆ ಅದು ಬೇರೆ ಎಂದು ಗುರುತಿಸಿ ಬರೆಸಿದವರು ಓದುಬರಹ ಬಾರದ ಗೈಡುಗಳು.

ಪುಸ್ತಕವನ್ನು ಹೊತ್ತು ಮೆರೆಸುವುದು ನನ್ನ ಉದ್ದೇಶವಲ್ಲ. ಅದರ ಕಣ್ಣಿಗೆ ಕಾಣದ್ದು ಬಹಳ ಇತ್ತು. ಗಾಳಕ್ಕೆ ಬೀಳದಷ್ಟು ಸಣ್ಣ ಮೀನು ಅದರೊಳಗೆ ಬರಲಿಲ್ಲ. ಮಳೆಗಾಲದ ಹೊಳೆ ಬರಲಿಲ್ಲ, ಯಾಕೆಂದರೆ ಆಗ ಯಾರೂ ಗಾಳ ಹಾಕುತ್ತಿರಲಿಲ್ಲ. ಮೀನು ಸಿಗುವ ಮಡುಗಳಿಗೇ ಗೈಡುಗಳು ಕರೆದೊಯ್ಯುತ್ತಿದ್ದರಿಂದ ಹೊಳೆಯ ಉಳಿದ ಭಾಗ ಕತ್ತಲಲ್ಲೇ ಉಳಿಯಿತು. ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಕಾವೇರಿಯಲ್ಲೂ, ಶೃಂಗೇರಿಯಲ್ಲಿ ತುಂಗೆಯಲ್ಲೂ ಜನ ಪುರಿ ಎಸೆದು ಮಹಶೀರುಗಳನ್ನು ಪೀಳಿಗೆಗಳಿಂದ ಕಾಪಾಡಿದ್ದಾರೆ. ಅಲ್ಲಿ ಗಾಳವೂ ಇಲ್ಲ, ಪುಸ್ತಕವೂ ಇಲ್ಲ, ಮೀನು ಇದೆ. ಭಕ್ತಿ ಮೀನನ್ನು ಉಳಿಸಬಲ್ಲದು. ಉಳಿದದ್ದು ಯಾವ ಮೀನು, ಮೊದಲಿದ್ದದ್ದೇನಾ ಎಂದು ತಿಳಿಯಬೇಕಾದರೆ ಬರಹವೇ ಬೇಕು.

ನಾನೀಗ ಊರಿನ ಕಡೆಗೇ ಬಂದು ನೆಲೆಸಿದ್ದೇನೆ. ಹತ್ತಿರದ ಕೆರೆಯೊಂದರಲ್ಲಿ ಮೀನಿನ ಗುತ್ತಿಗೆ ಹಿಡಿದವರ ಲೆಕ್ಕ ನೋಡುತ್ತೇನೆ. ಅವರ ಹಳೆಯ ಪುಸ್ತಕದಲ್ಲಿ ಇದ್ದದ್ದು ಎರಡೇ: ಕಿಲೋ ಮತ್ತು ರೂಪಾಯಿ. ಕಾಟ್ಲಾ ಇಷ್ಟು, ರೋಹು ಇಷ್ಟು, ಜಿಲೇಬಿ ಮೀನು ಇಷ್ಟು. ನಾನು ಕಾಲಂ ಹೆಚ್ಚಿಸಿದೆ. ಎಷ್ಟು ಬಲೆ, ಬಲೆಯ ಕಣ್ಣು ಎಷ್ಟಗಲ, ಎಷ್ಟು ಹೊತ್ತು ನೀರಲ್ಲಿತ್ತು, ಕೆರೆಯಲ್ಲಿ ನೀರು ಎಲ್ಲಿಯವರೆಗೆ. ಯಾರೂ ಬಿತ್ತದೆ ತಾನಾಗಿ ಕೆರೆಯಲ್ಲಿ ಹುಟ್ಟುವ ಕೊರಮೀನು ಮತ್ತು ಇತರ ನಾಟಿ ಮೀನುಗಳಿಗೂ ಒಂದೊಂದು ಕಾಲಂ. ಸಿಗದ ದಿನ ಅದರಲ್ಲಿ ಸೊನ್ನೆ ಬರೆಯಬೇಕು, ಖಾಲಿ ಬಿಡಬಾರದು ಎಂದು ಹುಡುಗರಿಗೆ ಹೇಳಿದ್ದೇನೆ. ಖಾಲಿ ಜಾಗಕ್ಕೆ ಎರಡು ಅರ್ಥ ಬರುತ್ತದೆ, ನೋಡಿದೆವು ಸಿಗಲಿಲ್ಲ ಎಂದೋ, ನೋಡಲೇ ಇಲ್ಲ ಎಂದೋ. ಸೊನ್ನೆಗೆ ಒಂದೇ ಅರ್ಥ.

ಗುತ್ತಿಗೆದಾರರಿಗೆ ಇದು ಸರಿಹೋಗಲಿಲ್ಲ. "ಸಿಗದೇ ಇರೋ ಮೀನಿನ ಹೆಸ್ರು ಯಾಕಣ್ಣ ದಿನಾ ಬರೆಸ್ತೀಯ? ಅದ್ಕೇನು ಕಾಸು ಬತ್ತದಾ?" ಎಂದರು.

ಬರುವುದಿಲ್ಲ ಎಂದೆ. ಆದರೆ ಕೊರಮೀನು ಈ ಕೆರೆಯಲ್ಲಿ ಯಾವ ವರ್ಷದವರೆಗೆ ಇತ್ತು ಎಂದು ನಾಳೆ ಯಾರಾದರೂ ಕೇಳಿದರೆ, ನೀವು ನಿಮ್ಮ ಜೀವಮಾನದ ದೊಡ್ಡ ಕೊರಮೀನಿನ ಕತೆ ಹೇಳುತ್ತೀರಿ, ಅವರು ಕೇಳಿ ಖುಷಿಪಟ್ಟು ಹೋಗುತ್ತಾರೆ. ಈ ಪುಸ್ತಕ ಮಾತ್ರ ವರ್ಷ ಹೇಳುತ್ತದೆ. ಅವರು ಒಪ್ಪಿದರೋ, ನನ್ನ ಜೊತೆ ವಾದ ಬೇಡ ಎಂದುಕೊಂಡರೋ ಗೊತ್ತಿಲ್ಲ. ಸೊನ್ನೆ ಬರೆಯುವುದು ನಡೆದಿದೆ.